ಕೊಟ್ಟವರ ಪಟ್ಟಿ

“ಪಾವಗಡ, ಮಧುಗಿರಿ ಸೀಮೆಯ ತೊಗಲುಗೊಂಬೆಯಾಟದ ಕೊನೆಯ ದೀಪ ಆರಿಹೋಗಿದೆ. ಉಳಿದಿರುವುದು ನಮ್ಮ ಗ್ಯಾಲರಿಯಲ್ಲಿರುವ ಈ ಗೊಂಬೆಗಳಷ್ಟೇ.”

ಈ ಎರಡು ವಾಕ್ಯ ನಾನು ಬರೆದವು. ಬರೆಯಲು ಒಂದಿಡೀ ಮಧ್ಯಾಹ್ನ ಹಿಡಿದಿತ್ತು. ಓದಿದವರೆಲ್ಲ ಮನಸ್ಸಿಗೆ ತಾಗುತ್ತದೆ ಎಂದರು. ಪತ್ರ ಹೋಯಿತು, ದುಡ್ಡೂ ಬಂತು. ಆದರೆ ವಾಕ್ಯಗಳು ಸುಳ್ಳಾಗಿದ್ದವು.

ಆಗ ನಾನು ಒಂದು ವಿಶ್ವವಿದ್ಯಾಲಯದ ಕಲಾ ಗ್ಯಾಲರಿಯಲ್ಲಿದ್ದೆ. ಪ್ರದರ್ಶನವಿದ್ದಾಗ ಪತ್ರಿಕೆಗಳಿಗೆ ಸುದ್ದಿ ಕಳಿಸುವುದು, ಆಹ್ವಾನ ಪತ್ರಿಕೆ ಅಚ್ಚು ಹಾಕಿಸುವುದು, ಸರ್ಕಾರಿ ಶಾಲೆಗಳ ಹೆಡ್‌ಮಾಸ್ತರರಿಗೆ ಫೋನು ಮಾಡಿ ಮಕ್ಕಳನ್ನು ಕರೆಸುವುದು, ದೇಣಿಗೆ ಎತ್ತುವುದು, ಎಲ್ಲವೂ ನನ್ನೊಬ್ಬಳ ತಲೆಯ ಮೇಲಿತ್ತು. ನಾನು ಹುಟ್ಟಿದ್ದು ಕೊರಟಗೆರೆ ತಾಲ್ಲೂಕಿನ ಹಳ್ಳಿಯಲ್ಲಿ. ಓದಿದ್ದು ಮಧುಗಿರಿಯಲ್ಲಿ, ಏಕಶಿಲಾ ಬೆಟ್ಟದ ಬುಡದಲ್ಲಿ. ಅದಕ್ಕೇ “ನಿಮ್ಮ ಸೀಮೆಯ ಗೊಂಬೆ, ನೀವೇ ಬರೆಯಿರಿ” ಎಂದು ಆ ಪತ್ರ ನನ್ನ ಪಾಲಿಗೆ ಬಂದದ್ದು.

ಗೊಂಬೆಗಳ ಸ್ಥಿತಿ ನಿಜಕ್ಕೂ ಕೆಟ್ಟಿತ್ತು, ಅದರಲ್ಲಿ ಸುಳ್ಳಿರಲಿಲ್ಲ. ತೊಗಲುಗೊಂಬೆ ಎಂದರೆ ಆಡಿನ ಚರ್ಮ. ಕೂದಲು ಕೆರೆದು, ಹದ ಮಾಡಿ, ಬೆಳಕು ಹಾಯುವಷ್ಟು ತೆಳ್ಳಗಾಗಿಸಿ, ಉಳಿಯಲ್ಲಿ ಸಣ್ಣ ಸಣ್ಣ ತೂತು ಕೊರೆದು ಒಡವೆ ವಸ್ತ್ರ ಮೂಡಿಸಿ, ಬಣ್ಣ ಹಾಕುತ್ತಾರೆ. ಪರದೆಯ ಹಿಂದೆ ದೀಪ ಇಟ್ಟರೆ ಕೆಂಪೂ ಹಸಿರೂ ಉರಿಯುತ್ತವೆ. ಆ ಚರ್ಮ ಮಳೆಗಾಲದಲ್ಲಿ ತೇವ ಕುಡಿದು ಮೆತ್ತಗಾಗುತ್ತದೆ, ಬೇಸಿಗೆಯಲ್ಲಿ ಸುರುಟಿಕೊಳ್ಳುತ್ತದೆ. ನಮ್ಮ ಗ್ಯಾಲರಿಯ ಹಿಂದಿನ ಕೋಣೆ ಎರಡು ಮಳೆಗಾಲ ಸೋರಿತ್ತು. ಹತ್ತು ತಲೆಯ ರಾವಣನ ಮೂರು ತಲೆಗೆ ಬೂಷ್ಟು ಹಿಡಿದಿತ್ತು. ಛಾವಣಿ ರಿಪೇರಿಯಾಗಬೇಕು, ಗೊಂಬೆ ಮಲಗಿಸಲು ಅಗಲವಾದ ಡ್ರಾಯರುಗಳು ಬೇಕು. ವಿಶ್ವವಿದ್ಯಾಲಯದ ಬಜೆಟ್ಟಿನಲ್ಲಿ ಸಂಬಳ, ಪಿಂಚಣಿ, ಪರೀಕ್ಷೆ ಎಲ್ಲ ಮುಗಿದ ಮೇಲೆ ಗ್ಯಾಲರಿಯ ಸರದಿ.

ದುಡ್ಡಿನ ದಾರಿ ಕಂಪನಿಗಳ ಕಡೆಗಿತ್ತು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ರೂಪಾಯಿಯನ್ನು ಸಮಾಜದ ಕೆಲಸಕ್ಕೆ ತೆಗೆದಿಡಬೇಕು. ಯಾವ ಯಾವ ಕೆಲಸ ಎಂಬ ಪಟ್ಟಿಯಲ್ಲಿ ಕಲೆ ಮತ್ತು ಪರಂಪರೆಯ ರಕ್ಷಣೆಯೂ ಇದೆ. ಕಂಪನಿ ತಾನು ಕೆಲಸ ಮಾಡುವ ಸುತ್ತಮುತ್ತಲ ಪ್ರದೇಶಕ್ಕೆ ಮೊದಲ ಆದ್ಯತೆ ಕೊಡಬೇಕೆಂದೂ ಅಲ್ಲಿದೆ. ಪಾವಗಡದ ತಿರುಮಣಿ ಕಡೆ ಹದಿಮೂರು ಸಾವಿರ ಎಕರೆಯಷ್ಟು ಜಾಗದಲ್ಲಿ, ರೈತರಿಂದ ಗುತ್ತಿಗೆಗೆ ಪಡೆದ ಹೊಲಗಳಲ್ಲಿ, 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಎದ್ದ ಕಾಲ ಅದು. ಬರಕ್ಕೆ ಹೆಸರಾದ ತಾಲ್ಲೂಕಿನ ಕಡೆಗೆ ಹೊರಗಿನವರ ಕಣ್ಣು ತಿರುಗಿತ್ತು. ಅಲ್ಲಿಯ ಕಲೆ ಎಂದರೆ ಕಂಪನಿಯವರು ಪತ್ರ ಬಿಡಿಸಿ ಓದುತ್ತಾರೆ ಎಂದು ನಾವು ಎಣಿಸಿದ್ದು ಸರಿಯಾಗಿಯೇ ಇತ್ತು. ಒಂದು ಕಂಪನಿ ಒಪ್ಪಿತು. ಹಣ ಎರಡು ಕಂತಿನಲ್ಲಿ ಬರುವುದೆಂದು ನಿಗದಿಯಾಯಿತು.

ಉದ್ಘಾಟನೆಗೆ ಎರಡು ವಾರವಿರುವಾಗ ಆ ಕಂಪನಿಯ ಅಧಿಕಾರಿ ಫೋನು ಮಾಡಿದರು. “ಮೇಡಂ, ಆ ಕಡೆ ಈ ಆಟ ಆಡುವವರು ಯಾರಾದರೂ ಇದ್ದಾರಾ? ಇದ್ದರೆ ಅವತ್ತು ಸಂಜೆ ಒಂದು ಪ್ರದರ್ಶನ ಇಡಿಸೋಣ, ಖರ್ಚು ನಮ್ಮದೇ” ಎಂದರು.

“ಇಲ್ಲ ಸರ್, ಈಗ ಯಾರೂ ಆಡುವುದಿಲ್ಲ” ಎಂದೆ.

ಆ ಉತ್ತರ ಕೊಟ್ಟ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿ ಏನಿತ್ತೆಂದು ಹೇಳಲೇಬೇಕು, ಪ್ರಕರಣದ ಗಂಟು ಇರುವುದು ಅಲ್ಲಿ. ನನಗೆ ಪೂರ್ತಿ ಗೊತ್ತಿರಲಿಲ್ಲ ಎನ್ನುವುದು ನಿಜ. ಏನೂ ಗೊತ್ತಿರಲಿಲ್ಲ ಎನ್ನುವುದು ನಿಜವಲ್ಲ. ಮಧುಗಿರಿಯಲ್ಲಿರುವ ನನ್ನ ಸೋದರಮಾವ, ಹಿಂದಿನ ವರ್ಷ ಊರಿಗೆ ಹೋದಾಗ, ಮಿಡಿಗೇಶಿ ಆಚೆ ಯಾವುದೋ ಹಳ್ಳಿಯಲ್ಲಿ ಮಳೆ ಹೋಯಿತೆಂದು ಗೊಂಬೆಯವರನ್ನು ಕರೆಸಿದ್ದರು ಎಂದು ಊಟದ ನಡುವೆ ಹೇಳಿದ್ದರು. ಕೇಳಿಸಿಕೊಂಡಿದ್ದೆ. ಪತ್ರ ಬರೆಯುವಾಗ ಆ ಮಾತು ನೆನಪಿಗೆ ಬಂದಿತ್ತು ಕೂಡ. ಮಾವ ಅಂದದ್ದು ಹತ್ತು ವರ್ಷ ಹಿಂದಿನ ಮಾತಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಮುಂದಿನ ವಾಕ್ಯಕ್ಕೆ ಹೋದೆ. ಒಂದು ಫೋನು ಮಾಡಿ ವಿಚಾರಿಸಬಹುದಿತ್ತು, ಮಾಡಲಿಲ್ಲ. ಮಾಡಿದರೆ “ಕೊನೆಯ ದೀಪ” ಬಿಟ್ಟುಕೊಡಬೇಕಾಗುತ್ತದೆ ಎಂಬುದು ಒಳಗೆಲ್ಲೋ ಗೊತ್ತಿತ್ತು.

ಉದ್ಘಾಟನೆ ಚೆನ್ನಾಗಿ ನಡೆಯಿತು. ಬಾಗಿಲ ಪಕ್ಕ ಕಪ್ಪು ಗ್ರಾನೈಟಿನಲ್ಲಿ ದಾನಿಗಳ ಹೆಸರು ಕೆತ್ತಿಸಿದೆವು. ನಾನು ಕಳಿಸಿದ ಪ್ರಕಟಣೆ ಕೊನೆಯ ದೀಪದ ಸಮೇತ ಪತ್ರಿಕೆಗಳಲ್ಲಿ ಬಂತು.

ಎರಡು ತಿಂಗಳ ಮೇಲೆ, ಬುಧವಾರವೋ ಗುರುವಾರವೋ, ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ ಬಂದ. ಪಾವಗಡದಿಂದ ಬೆಳಗಿನ ಜಾವದ ಬಸ್ಸು ಹತ್ತಿದ್ದನಂತೆ. ಜೇಬಿನಿಂದ ನಾಲ್ಕು ಮಡಿಕೆಯ ಪತ್ರಿಕೆಯ ತುಂಡು ತೆಗೆದು ಮೇಜಿನ ಮೇಲೆ ಬಿಡಿಸಿ ಇಟ್ಟ.

“ಅಕ್ಕ, ಇದ್ರಾಗಿರೋ ರಾವಣ ನಮ್ ತಾತಂದು. ಅಪ್ಪ ನೋಡ್ತಿದ್ದಂಗೇ ಗುರುತು ಹಿಡಿದ್ರು.”

ನಾನು ಕೂರಲು ಹೇಳಿದೆ. ಅವನು ಕೂರಲಿಲ್ಲ.

“ದೀಪ ಆರೋಯ್ತು ಅಂತ ಬರ್ದಿದೀರ. ನಮ್ಮಪ್ಪ ಇನ್ನೂ ಆಡ್ತಾರಕ್ಕ. ನಾನೂ ಹಿಮ್ಮೇಳಕ್ಕೆ ಕೂರ್ತೀನಿ.” ದನಿಯಲ್ಲಿ ಜಗಳವಿರಲಿಲ್ಲ. ಪಡಿತರ ಚೀಟಿಯಲ್ಲಿ ಹೆಸರು ಬಿಟ್ಟುಹೋಗಿದೆ ಎಂದು ತಾಲ್ಲೂಕು ಕಚೇರಿಯಲ್ಲಿ ಹೇಳುವವರ ದನಿ ಅದು.

ಒಳಗೆ ಕರೆದುಕೊಂಡು ಹೋಗಿ ಹೊಸ ಡ್ರಾಯರು ಎಳೆದೆ. ಗೊಂಬೆಗಳನ್ನು ನಾವು ಎತ್ತರದ ಪ್ರಕಾರ, ನಂಬರು ಹಚ್ಚಿ, ನಡುವೆ ತೆಳು ಕಾಗದವಿಟ್ಟು ಒಂದರ ಮೇಲೊಂದು ಮಲಗಿಸಿದ್ದೆವು. ಅಚ್ಚುಕಟ್ಟಾಗಿತ್ತು. ಹುಡುಗ ನೋಡಿದವನು ಒಂದು ಹೆಜ್ಜೆ ಹಿಂದೆ ಸರಿದ. ಸೀತೆಯ ಮೇಲೆ ರಾವಣ ಮಲಗಿದ್ದ.

“ಹಿಂಗಿಡಲ್ಲಕ್ಕ.”

ನಾನು ಬಟ್ಟೆಯ ಕೈಗವಸು ಕೊಟ್ಟೆ. ಹಾಕಿಕೊಂಡು ನೋಡಿದ, ಬೆರಳಿಗೆ ಚರ್ಮದ ಅಂಚು ಸಿಗಲಿಲ್ಲ, ತೆಗೆದಿಟ್ಟ. ಬರಿಗೈಯಲ್ಲಿ ಒಂದೊಂದೇ ಗೊಂಬೆಯನ್ನು ನಡುಕಡ್ಡಿ ಹಿಡಿದು ಎತ್ತಿದ. ದೇವರ ಗೊಂಬೆಗಳನ್ನು ಒಂದು ಕಡೆ ಇಟ್ಟ, ರಾಕ್ಷಸರನ್ನು ಇನ್ನೊಂದು ಕಡೆ. ಆಮೇಲೆ ಸುತ್ತ ನೋಡಿ “ಕಿಳ್ಳೇಕ್ಯಾತ ಎಲ್ಲಿ?” ಎಂದು ಕೇಳಿದ. ಕಿಳ್ಳೇಕ್ಯಾತ, ಅವನ ಹೆಂಡತಿ ಬಂಗಾರಕ್ಕ, ಇಬ್ಬರೂ ಆಟದಲ್ಲಿ ನಗಿಸುವವರು. ಗೊಂಬೆಯಾಟದವರ ಕುಲದ ಹೆಸರೇ ಆ ಗೊಂಬೆಯದು. ನಾವು ಅದನ್ನು “ಹಾಸ್ಯ ಪಾತ್ರ” ಎಂದು ಚೀಟಿ ಅಂಟಿಸಿ ಬೇರೆ ಬೀರುವಿನಲ್ಲಿ ಇಟ್ಟಿದ್ದೆವು.

ಗೊಂಬೆ ಹೇಗೆ ಇಲ್ಲಿಗೆ ಬಂತೆಂದು ಅವನೇ ಹೇಳಿದ. ಹಳೆಯದಾಗಿ, ಆಡಿಸಲು ಆಗದಷ್ಟು ಸವೆದ ಗೊಂಬೆಗಳನ್ನು ಅವರು ಎಸೆಯುವುದಿಲ್ಲ, ಮಾರುವುದಿಲ್ಲ, ಹೊಳೆಗೆ ಬಿಡುತ್ತಾರೆ. ತಾತ ಹೊಸ ಜೋಡಣೆ ಮಾಡಿಕೊಂಡ ವರ್ಷ ಬರ. ಹೊಳೆಯಲ್ಲಿ ನೀರಿರಲಿಲ್ಲ. ಅದೇ ಹೊತ್ತಿಗೆ ಜೀಪಿನಲ್ಲಿ ಯೂನಿವರ್ಸಿಟಿಯವರು ಬಂದು ಕೇಳಿದರು.

“ನೀರಿಗೆ ಬಿಡೋ ಬದ್ಲು ನಿಮ್ ಕೈಗೆ ಬಿಟ್ರು” ಎಂದ.

ನನ್ನ ಪತ್ರವಿಡೀ ಈ ಒಂದು ಮಾತಿನಲ್ಲಿ ತಲೆಕೆಳಗಾಯಿತು. ನಾವು ಕೊನೆಯವೆಂದು ತೋರಿಸಿದ ಗೊಂಬೆಗಳು ನಿವೃತ್ತಿಯಾದವು. ಅವುಗಳ ಜಾಗಕ್ಕೆ ಬಂದ ಹೊಸ ರಾಮ, ಹೊಸ ರಾವಣ ಪಾವಗಡದ ಬಯಲಿನಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡುತ್ತಲೇ ಇದ್ದಾರೆ. ಆ ಅಧಿಕಾರಿ ಕೇಳಿದ್ದು ಅವರನ್ನೇ. ಒಂದು ಸಂಜೆಯ ಸಂಭಾವನೆ, ಮುಂದೆ ಇನ್ನೆರಡು ಕಡೆ ಕರೆಯಬಹುದಾಗಿದ್ದ ಪರಿಚಯ, ಎಲ್ಲ ನನ್ನ ಬಾಯಿಂದ ಹೊರಬಿದ್ದ ಒಂದು “ಇಲ್ಲ ಸರ್” ತಿಂದುಹಾಕಿತ್ತು. ಮೃತರಿಗೆಂದು ದುಡ್ಡು ಎತ್ತಿ ಬದುಕಿದ್ದವರ ಕೂಲಿ ತಪ್ಪಿಸಿದ್ದೆ.

ಗ್ಯಾಲರಿಯ ಹಿರಿಯರಿಗೆ ಅಂದೇ ಹೇಳಿದೆ. ಅವರು ಕೆಟ್ಟವರಲ್ಲ. ಸೋರುವ ಕೋಣೆಯಲ್ಲಿ ತಾವೇ ಬಕೆಟ್ಟು ಇಟ್ಟವರು. “ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲಮ್ಮ. ಗೊಂಬೆ ಉಳಿದವಲ್ಲ” ಎಂದರು. ಈ ಮಾತನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಛಾವಣಿ ಸೋರುತ್ತಿದ್ದರೆ ಸತ್ಯವಂತರ ಗೊಂಬೆಗೂ ಬೂಷ್ಟು ಹಿಡಿಯುತ್ತದೆ. ಆದರೆ ಮದುವೆಗೆ ಹೇಳುವ ಸುಳ್ಳು ಮದುಮಕ್ಕಳ ಪರವಾಗಿ ಹೇಳುವಂಥದ್ದು. ನಾವು ಮದುಮಗನೇ ತೀರಿಕೊಂಡನೆಂದು ಊರಿಗೆ ಸಾರಿ ಉಡುಗೊರೆ ಎತ್ತಿದ್ದೆವು.

ಅಳಿವಿನ ಅಂಚು ಎಂಬುದು ದೇಣಿಗೆಯ ಪತ್ರಗಳಿಗೆ ಬಹಳ ಸುಲಭದ ಮಾತು. ಅದನ್ನು ಬರೆಯುವವರು ನಕ್ಷೆ ನೋಡಬೇಕು. ಪಾವಗಡದಿಂದ ಗಡಿ ದಾಟಿ ಧರ್ಮಾವರದ ಕಡೆ ಹೋದರೆ ನಿಮ್ಮಲಕುಂಟೆಯಲ್ಲಿ ಮನೆಮನೆಯಲ್ಲೂ ತೊಗಲು ಕೊರೆಯುತ್ತಾರೆ. ಅದೇ ಧರ್ಮಾವರದ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ಮೇಲೆ, 2025ರಲ್ಲಿ ಬಂತು. ಬಳ್ಳಾರಿಯ ಬೆಳಗಲ್ಲು ವೀರಣ್ಣ 2023ರಲ್ಲಿ ಅಪಘಾತದಲ್ಲಿ ತೀರಿಕೊಳ್ಳುವವರೆಗೂ ಗೊಂಬೆಯೊಂದಿಗೇ ಇದ್ದರು. ಈ ಕಲೆ ಕಷ್ಟದಲ್ಲಿದೆ, ಹೌದು. ಕಷ್ಟದಲ್ಲಿರುವವರನ್ನು ಸತ್ತವರೆಂದು ಬರೆದರೆ ಮರುದಿನ ಅವರಿಗೆ ಯಾರು ವೀಳ್ಯ ಕೊಡುತ್ತಾರೆ?

ಈ ಪ್ರಕರಣದ ಮೊದಲ ತಪ್ಪು ಪತ್ರದಲ್ಲಿ ಆಗಲಿಲ್ಲ ಎಂದೂ ನನಗೆ ಅನ್ನಿಸುತ್ತದೆ. ಅದು ಜೀಪು ವಾಪಸು ಹೊರಟ ದಿನವೇ ಆಯಿತು. ಕೊಟ್ಟ ಮನೆಯ ಕಡೆಗೆ ಆಮೇಲೆ ಯಾರೂ ಹೋಗಲಿಲ್ಲ. ಹೋಗಿದ್ದರೆ ನಾನು ಆ ವಾಕ್ಯ ಬರೆಯಲು ಆಗುತ್ತಲೇ ಇರಲಿಲ್ಲ.

ನಮ್ಮ ನಾಡಿನ ವಿಶ್ವವಿದ್ಯಾಲಯಗಳಲ್ಲಿ ಇಂಥ ಸಂಗ್ರಹ ಕಟ್ಟಿದವರ ದುಡಿಮೆ ದೊಡ್ಡದು. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯವನ್ನೇ ನೋಡಿ. ಅದನ್ನು 1960ರ ದಶಕದ ಕೊನೆಯಲ್ಲಿ ಕಟ್ಟಲು ಹೊರಟವರಲ್ಲಿ ಚಿತ್ರಕಾರ ಪಿ.ಆರ್. ತಿಪ್ಪೇಸ್ವಾಮಿ ಒಬ್ಬರು, ಜೀ.ಶಂ. ಪರಮಶಿವಯ್ಯ ಇನ್ನೊಬ್ಬರು. ತಿಪ್ಪೇಸ್ವಾಮಿ ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯವರು, ನಮ್ಮ ಶಿರಾದ ನೆರೆಯವರು. ಬಡವರ ಮನೆಯ ಅಟ್ಟದಲ್ಲಿದ್ದ ವಸ್ತುವೂ ಕಲೆಯೇ ಎಂದು ಬಗೆದು ಊರೂರು ತಿರುಗಿದವರು. ಆರೂವರೆ ಸಾವಿರಕ್ಕೂ ಹೆಚ್ಚು ವಸ್ತು ಅಲ್ಲಿ ಸೇರಿದವು. ಅವಕ್ಕೆ ನೆಲೆಯಾದ ಜಯಲಕ್ಷ್ಮಿ ವಿಲಾಸ 1905ರ ಕಟ್ಟಡ. ಮಹಾರಾಜರ ಅಕ್ಕ ಜಯಲಕ್ಷ್ಮಮ್ಮಣ್ಣಿಯವರಿಗೆಂದು ಕಟ್ಟಿದ್ದು. ಕುವೆಂಪು ಕುಲಪತಿಯಾಗಿದ್ದ ಕಾಲದಲ್ಲಿ ವಿಶ್ವವಿದ್ಯಾಲಯಕ್ಕೆ ಬಂತು. 2002ರಲ್ಲಿ ಅದರ ಜೀರ್ಣೋದ್ಧಾರಕ್ಕೆ ಕೈಹಾಕಿದಾಗ 1.17 ಕೋಟಿ ರೂಪಾಯಿಯ ಯೋಜನೆಯಲ್ಲಿ ಹೆಚ್ಚಿನ ಪಾಲನ್ನು ಇನ್ಫೋಸಿಸ್ ಪ್ರತಿಷ್ಠಾನ ಕೊಟ್ಟಿತು. ಇಪ್ಪತ್ತು ವರ್ಷ ತುಂಬುವಷ್ಟರಲ್ಲಿ ಅದೇ ಕಟ್ಟಡ ಮತ್ತೆ ಶಿಥಿಲವಾಯಿತು. ದುಡ್ಡು ಒಮ್ಮೆ ಎತ್ತಿದರೆ ಮುಗಿಯಿತು ಎನ್ನುವಂಥ ಕೆಲಸವಲ್ಲ ಇದು.

ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಎಂ.ಎಸ್. ನಂಜುಂಡರಾವ್ ತೊಗಲುಗೊಂಬೆಗಳನ್ನು ಕೂಡಿಸಿದರು, ಅವುಗಳ ಮೇಲೆ ಪುಸ್ತಕ ಬರೆದರು, ಆಡುವವರನ್ನೂ ಹುಡುಕಿಕೊಂಡು ಹೋದರು. ಉದ್ಯಮಿ ಎಚ್.ಕೆ. ಕೇಜ್ರಿವಾಲ್ ತಮ್ಮ ಕಲಾಸಂಗ್ರಹವನ್ನು ಅಲ್ಲಿಗೇ ಕೊಟ್ಟರು, ಅವರ ಹೆಸರಿನ ವಿಭಾಗವೇ ಇದೆ. ಇರಬೇಕಾದದ್ದೇ. ಕೊಟ್ಟವರ ಹೆಸರು ಹೇಳುವುದು ಋಣದ ಮಾತು, ಅದಕ್ಕೆ ನನ್ನ ತಕರಾರಿಲ್ಲ. ಅದೇ ಪರಿಷತ್ತು ವರ್ಷಕ್ಕೊಮ್ಮೆ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಸುತ್ತದೆ. ಅವತ್ತು ಚಿತ್ರ ಬರೆದವರು ಚಿತ್ರದ ಪಕ್ಕದಲ್ಲೇ ಕೂತಿರುತ್ತಾರೆ. ಕೊಳ್ಳುವವರು ಅವರ ಮುಖ ನೋಡಿಯೇ ಬೆಲೆ ಕೇಳಬೇಕು. ಜನರನ್ನು ಕಲೆಯ ಹತ್ತಿರ ತರುವುದೆಂದರೆ ಇದು ಎಂದು ನನಗೆ ಪ್ರತಿ ಸಲವೂ ಅನ್ನಿಸಿದೆ. ನಮ್ಮ ಗ್ಯಾಲರಿಯಲ್ಲಿ ನಾನು ಬಸ್ಸು ತುಂಬ ಮಕ್ಕಳನ್ನು ತಂದೆ, ಅವರ ಸಂಖ್ಯೆಯನ್ನು ವಿಶ್ವವಿದ್ಯಾಲಯದ ಮೌಲ್ಯಮಾಪನದ ನ್ಯಾಕ್ ವರದಿಗೆ ಸೇರಿಸಿದೆ. ಗೊಂಬೆಯ ಪಕ್ಕದಲ್ಲಿ ಆಡಿಸುವವರನ್ನು ಒಮ್ಮೆಯೂ ಕೂರಿಸಲಿಲ್ಲ.

ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯ ಪಕ್ಕದ ಸೀಬಿಯಲ್ಲಿ ನರಸಿಂಹಸ್ವಾಮಿ ದೇವಸ್ಥಾನವಿದೆ. ಮುಖಮಂಟಪದ ಮೇಲ್ಛಾವಣಿಯ ತುಂಬ ಚಿತ್ರಗಳು. ಪುರಾಣವೂ ಇದೆ, ಮೈಸೂರಿನ ಅರಸರ ಒಡ್ಡೋಲಗವೂ ಇದೆ. ಕತ್ತು ನೋಯುವವರೆಗೆ ನೋಡಿದ್ದೇನೆ. ಕಟ್ಟಿಸಿದವರು ಕಚೇರಿ ಕೃಷ್ಣಪ್ಪನ ಮಗ ನಲ್ಲಪ್ಪ ಮತ್ತವನ ಸಹೋದರರು ಎಂದು ಅಲ್ಲಿ ಎಲ್ಲರೂ ಹೇಳುತ್ತಾರೆ. ಏಣಿ ಹತ್ತಿ, ಅಂಗಾತ ಮಲಗಿ ಬಣ್ಣ ಹಾಕಿದವರು ಯಾರೆಂದು ಹೇಳುವವರಿಲ್ಲ. ಚಿಕ್ಕಂದಿನಿಂದ ನೋಡಿದ ಆ ಛಾವಣಿ ನನಗೆ ಏನನ್ನೋ ಕಲಿಸಿರಬೇಕಿತ್ತು.

ಹಾಗೆಂದು ಹೆಸರು ಮರೆಯುವುದೇ ನಮ್ಮ ನಾಡಿನ ಪದ್ಧತಿ ಎಂದರೆ ಅದೂ ತಪ್ಪು. ಬಿ.ಎಲ್. ರೈಸ್ 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೇ ಸಂಪುಟ ತುಮಕೂರು ಜಿಲ್ಲೆಯದು. ನಮ್ಮ ಸೀಮೆಯ ಕಲ್ಲುಗಳೂ ಅದರಲ್ಲಿವೆ. ದಾನಶಾಸನಗಳನ್ನು ಓದುತ್ತ ಹೋದರೆ ಕೊಟ್ಟವರು ಯಾರು, ಕೊಟ್ಟದ್ದು ಏನು, ಎಲ್ಲೆ ಯಾವುದು, ಸಾಕ್ಷಿ ಯಾರು ಎಂದು ಬರೆದಿಟ್ಟಿದ್ದಾರೆ, ಕೆಡಿಸಿದವರಿಗೆ ಶಾಪವನ್ನೂ ಇಟ್ಟಿದ್ದಾರೆ. ಕಲ್ಲಿನ ಮೇಲೆ ಉಳಿ ಹಿಡಿದು ಇಷ್ಟೆಲ್ಲ ಬರೆದವರ ಊರಿನಿಂದ ಗೊಂಬೆ ತಂದ ನಾವು, ದಾಸ್ತಾನು ವಹಿಯ ಕಾಗದದ ಮೇಲೆ ಪೆನ್ನು ಹಿಡಿದು ಬರೆದದ್ದು “ಪಾವಗಡ ತಾ.” ಎಂದು ಮಾತ್ರ.

ಕಂಪನಿಗೆ ತಿದ್ದುಪಡಿಯ ಪತ್ರ ಬರೆದೆ. ಹಿರಿಯರು ಓದಿ, ಎರಡನೇ ಕಂತು ಬರಲಿ, ಆಮೇಲೆ ಕಳಿಸೋಣ ಎಂದರು. ನಾನು ಒಪ್ಪಿದೆ. ನಾಲ್ಕು ತಿಂಗಳು ಆ ಪತ್ರ ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಮೊದಲ ಸುಳ್ಳನ್ನು ಅರೆಬರೆ ತಿಳಿವಳಿಕೆಯಲ್ಲಿ ಹೇಳಿದ್ದೆ ಎನ್ನಬಹುದು. ಈ ನಾಲ್ಕು ತಿಂಗಳು ಪೂರ್ತಿ ಗೊತ್ತಿದ್ದು ಸುಮ್ಮನಿದ್ದದ್ದು, ಅದಕ್ಕೆ ಯಾವ ನೆವವೂ ನನ್ನ ಹತ್ತಿರವಿಲ್ಲ. ಕೊನೆಗೆ ಕಳಿಸಿದಾಗ ಆ ಅಧಿಕಾರಿ ಫೋನು ಮಾಡಿದರು. ರೇಗಲಿಲ್ಲ. “ಅವತ್ತೇ ಹೇಳಿದ್ದರೆ ಕರೆಸಬಹುದಿತ್ತಲ್ಲ ಮೇಡಂ” ಎಂದರು. ಆ ವರ್ಷದ ಲೆಕ್ಕ ಮುಗಿದಿತ್ತು. ಪತ್ರಿಕೆಗಳಿಗೂ ತಿದ್ದುಪಡಿ ಕಳಿಸಿದೆ, ಎಲ್ಲೂ ಅಚ್ಚಾಗಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಮಧುಗಿರಿ, ಮಿಡಿಗೇಶಿ ಹಾದು ಆ ಹುಡುಗನ ಊರಿಗೆ ಹೋದೆ. ಗೊಂಬೆಗಳ ಫೋಟೋ ದೊಡ್ಡದಾಗಿ ತೆಗೆಸಿ ಒಯ್ದಿದ್ದೆ. ಅವನ ಅಪ್ಪ ಕಡಲೆಕಾಯಿ ಬಿಡಿಸುತ್ತ ಕೂತಿದ್ದರು. ಫೋಟೋಗಳನ್ನು ಒಂದೊಂದಾಗಿ ನೋಡಿ, ಎಲ್ಲೆಲ್ಲಿ ಹೊಲಿಗೆ ಹಾಕಿದೆಯೋ ಅಲ್ಲೆಲ್ಲ ಬೆರಳಿಟ್ಟರು. ನಾನು ಕ್ಷಮೆ ಕೇಳಿದೆ. ಅವರು ಅದಕ್ಕೆ ಏನೂ ಹೇಳದೆ, ರಾತ್ರಿ ಉಳ್ಕೊಳ್ಳಿ, ಪಕ್ಕದೂರಲ್ಲಿ ಆಟ ಐತೆ ಎಂದರು. ಉಳಿದುಕೊಂಡೆ. ಪರದೆಯ ಹಿಂದೆ ಈಗ ಹರಳೆಣ್ಣೆ ದೀಪವಿಲ್ಲ, ಕರೆಂಟಿನ ಬಲ್ಬು. ಹೊಸ ರಾವಣನ ಬಣ್ಣ ಹಳೆಯದಕ್ಕಿಂತ ಗಾಢ. ನಡುರಾತ್ರಿ ಕಿಳ್ಳೇಕ್ಯಾತ ಬಂದಾಗ ನಿದ್ದೆಗೆ ಜಾರಿದ್ದ ಮಕ್ಕಳೆಲ್ಲ ಎದ್ದು ಕೂತರು.

ವಾಪಸು ಬಂದು ದಾಸ್ತಾನು ವಹಿ ತೆಗೆದೆ. ಕ್ರಮಸಂಖ್ಯೆ, ವಸ್ತುವಿನ ವಿವರ, ಬಂದ ಬಗೆ, ಊರು, ಷರಾ, ಹೀಗೆ ಐದು ಅಂಕಣ. ಹಳೆಯ ನಮೂದನ್ನು ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಹೊಸದೇನಿದ್ದರೂ ಷರಾ ಅಂಕಣದಲ್ಲಿ ಕೆಂಪು ಶಾಯಿಯಲ್ಲಿ ಬರೆದು, ತಾರೀಖು ಹಾಕಿ, ಸಹಿ ಮಾಡಬೇಕು. ಹುಡುಗ ಫೋನಿನಲ್ಲಿದ್ದ. ತಾತನ ಹೆಸರು, ತಾತನ ಅಪ್ಪನ ಹೆಸರು, ಊರು, ಎಲ್ಲ ಹೇಳಿದ, ಬರೆದುಕೊಂಡೆ. ಗೊಂಬೆ ಕೊಟ್ಟ ಕಾರಣ ಬರೆಯಲೇ ಎಂದೆ. ಬರೀರಿ ಎಂದ. “ಹೊಳೆಯಲ್ಲಿ ನೀರಿಲ್ಲದ ವರ್ಷ” ಎಂದು ಬರೆದೆ.

“ಅಕ್ಕ, ಇನ್ನೊಂದು. ಬಣ್ಣ ಎಲ್ಲಾ ನಮ್ಮಜ್ಜಿದು. ಅಜ್ಜಿ ಹೆಸ್ರೂ ಹಾಕ್ತೀರಾ?”

ಅಂಕಣ ಕಿರಿದು. ಜಾಗ ಮುಗಿದಿತ್ತು. ವಹಿಯನ್ನು ಅಡ್ಡ ತಿರುಗಿಸಿ, ಗೆರೆಯ ಆಚೆ, ಹಾಳೆಯ ಅಂಚಿನಲ್ಲಿ ಅಜ್ಜಿಯ ಹೆಸರು ಬರೆದೆ.